ಶ್ರೇಯಾಂಕವೇ ಇಲ್ಲದೆ ವಿಂಬಲ್ಡನ್ ಗೆದ್ದಿದ್ದ ಒಸುನಾ

1960ರ ವಿಂಬಲ್ಡನ್ ಪುರುಷರ ಡಬಲ್ಸ್‌ಗೆ ಬಂದಾಗ ಮೆಕ್ಸಿಕೋದ ರಫೆಲ್ ಒಸುನಾಗೆ 21 ವರ್ಷ. ಜೊತೆಗಾರ, ಅಮೆರಿಕದ ಡೆನಿಸ್ ರಾಲ್ಸ್ಟನ್ ಇನ್ನೂ 17ರ ಹುಡುಗ. ಶ್ರೇಯಾಂಕ ಕೂಡ ಇರಲಿಲ್ಲ, ಆದ್ರೂ ಕಪ್ ಇವರದ್ದೇ ಆಯ್ತು. ಫೈನಲ್‌ನಲ್ಲಿ ಸೋತಿದ್ದು ಆತಿಥೇಯ ಬ್ರಿಟನ್ನಿನ ಡೇವಿಸ್–ವಿಲ್ಸನ್ ಜೋಡಿ.

ಒಸುನಾ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡ್ತಿದ್ದರು. ಸ್ವದೇಶದ ಅಂಟೋನಿಯೋ ಪಲಾಫಾಕ್ಸ್ ಜೊತೆ 1963ರಲ್ಲಿ ಮತ್ತೆ ವಿಂಬಲ್ಡನ್ ಡಬಲ್ಸ್ ಗೆದ್ದರು. ಅದೇ ವರ್ಷ ಅಮೆರಿಕದ ಸಿಂಗಲ್ಸ್ ಕೂಡ. ಅದಕ್ಕೂ ಮೊದಲು, 1962ರ ಡೇವಿಸ್ ಕಪ್‌ನಲ್ಲಿ ಇವರ ತಂಡ ಮದ್ರಾಸಿಗೇ ಬಂದು ಭಾರತವನ್ನು ಸೋಲಿಸಿ ಹೋಗಿತ್ತು. ನಮ್ಮವರಿಗೆ ಅದು ಮರೆತೇ ಹೋಗಿದೆ ಬಿಡಿ.

1969ರಲ್ಲಿ ಮೆಕ್ಸಿಕೋ ಬಲಾಢ್ಯ ಆಸ್ಟ್ರೇಲಿಯಾವನ್ನು ಮಣಿಸಿತು. ಆ ಮೂರೂ ಗೆಲುವಿನಲ್ಲಿ ಒಸುನಾ ಇದ್ದರು. ಸ್ವಲ್ಪ ದಿನಕ್ಕೇ, ಜೂನ್ 4ರಂದು, ಅವರಿದ್ದ ವಿಮಾನ ಮಾಂಟೆರ್ರಿ ಬಳಿ ಬೆಟ್ಟಕ್ಕೆ ಅಪ್ಪಳಿಸಿತು. ಒಳಗಿದ್ದ 79 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಒಸುನಾಗೆ ಆಗ 30 ವರ್ಷ.