ಖ್ವಾಜಾ ಬಂದೇನವಾಝ್ (ರ) ಮತ್ತು ದಖ್ಖನಿ ಮಾತು

ರಾಯಚೂರು, ಮಾನ್ವಿ, ದೇವದುರ್ಗದ ಮುಸ್ಲಿಮ್ ಮನೆಗಳಲ್ಲಿ ಬೇಡ ಅನ್ನಲು ‘ನಕ್ಕೋ’, ಹೌದು ಅನ್ನಲು ‘ಹೌ’, ಯಾಕೆ ಅನ್ನಲು ‘ಕೈಕೂ’ ಅಂತಾರೆ. ಇದು ಭಾಷೆಯಲ್ಲ, ಕೆಟ್ಟ ಉರ್ದು ಅಂತ ಹೇಳುವವರಿದ್ದಾರೆ. ನಮ್ಮ ಬ್ಯಾರಿಯನ್ನೂ ಮಲಯಾಳದ ಉಪಭಾಷೆ ಅಂತ ಬಹಳ ಕಾಲ ಬದಿಗೆ ಸರಿಸಿದ್ದರು. ಭಾಷೆ ಯಾವುದು, ಉಪಭಾಷೆ ಯಾವುದು? ಕಲಬುರಗಿಯ ಹಝ್ರತ್ ಖ್ವಾಜಾ ಬಂದೇನವಾಝ್ (ರ) ಅವರ ಜೀವನದಲ್ಲಿ ಇದಕ್ಕೆ ಉತ್ತರ ಸಿಗುತ್ತದೆ.

ಅವರ ಹೆಸರು ಸೈಯದ್ ಮುಹಮ್ಮದ್ ಹುಸೈನಿ. 1321ರಲ್ಲಿ ದಿಲ್ಲಿಯಲ್ಲಿ ಜನನ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ಸಣ್ಣ ಮಗುವಾಗಿ ಮನೆಯವರ ಜೊತೆ ದಖ್ಖನಿಗೆ ಬಂದರು. ತಂದೆ ಅಲ್ಲೇ ತೀರಿಹೋದರು. ಹದಿಹರೆಯದಲ್ಲಿ ದಿಲ್ಲಿಗೆ ಮರಳಿ ಹಝ್ರತ್ ನಸೀರುದ್ದೀನ್ ಚಿರಾಗ್ ದಿಲ್ಲಿ (ರ) ಅವರ ಶಿಷ್ಯರಾದರು. 1398ರಲ್ಲಿ ತೈಮೂರನ ದಾಳಿ ಬಂದಾಗ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ದಿಲ್ಲಿ ಬಿಟ್ಟರು. ಬಹಮನಿ ಸುಲ್ತಾನ ಫಿರೋಝ್ ಶಾಹನ ಕಾಲದಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ವಫಾತ್ ಆಗುವವರೆಗೆ ಅಲ್ಲೇ ನೆಲೆಸಿದರು.

ಅವರು ಅರಬಿ, ಪರ್ಶಿಯನ್ ಭಾಷೆಗಳಲ್ಲಿ ಅನೇಕ ಕಿತಾಬು ಬರೆದ ಆಲಿಮ್. ಹಾಗಿದ್ದೂ ಸಾಮಾನ್ಯ ಜನರ ಹಿಂದವಿ ಮಾತಿಗೆ ಮನಸ್ಸನ್ನು ಮೆದು ಮಾಡುವ ಗುಣ ಉಂಟು ಅಂತ ಕಂಡುಕೊಂಡಿದ್ದರು. ಆ ಮಾತೇ ಮರಾಠಿ, ಕನ್ನಡ, ತೆಲುಗಿನ ನೆರೆಯಲ್ಲಿ ಬೆಳೆದು ದಖ್ಖನಿ ಆಯಿತು. ‘ನಕ್ಕೋ’ ಬಂದದ್ದು ಮರಾಠಿಯಿಂದ. ಖ್ವಾಜಾರ ಹೆಸರಿನಲ್ಲಿರುವ ದಖ್ಖನಿ ಬರಹಗಳು ಅವರದೇ ಹೌದೋ ಅಲ್ಲವೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ಮುಂದೆ ಸೂಫಿಗಳ ದಖ್ಖನಿ ಹಾಡು ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಗೂ ಬಂತು. ದೀನಿನ ವಿಷಯ ಹಾಗೆ ಅಡುಗೆಮನೆ ತಲುಪಿತು.

ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹ್ ದಖ್ಖನಿಯಲ್ಲೇ ‘ಕಿತಾಬೆ ನೌರಸ್’ ರಚಿಸಿದ. ಆಗ ಅದನ್ನು ಕೀಳು ಮಾತು ಅಂತ ಯಾರು ಹೇಳಿಯಾರು? 1686ರಲ್ಲಿ ಬಿಜಾಪುರ ಔರಂಗಝೇಬನ ಕೈಸೇರಿತು. ಆಶ್ರಯ ಕೊಡುವ ದರ್ಬಾರು ಉಳಿಯಲಿಲ್ಲ. ಕ್ರಮೇಣ ದಿಲ್ಲಿಯ ಉರ್ದುವೇ ಅಳತೆಗೋಲಾಯಿತು, ದಖ್ಖನಿ ಹಳ್ಳಿಮಾತು ಅನ್ನಿಸಿಕೊಂಡಿತು.

ಅಂದರೆ ಭಾಷೆ, ಉಪಭಾಷೆ ಅನ್ನುವ ಹೆಸರು ಬರುವುದು ಮಾತಿನ ಗುಣ ನೋಡಿ ಮಾತ್ರ ಅಲ್ಲ, ಅದರ ಹಿಂದೆ ಯಾರಿದ್ದಾರೆ ಅಂತಲೂ ನೋಡಿ. ಬ್ಯಾರಿಗೆ 2009ರಲ್ಲಿ ಸರಕಾರದ ಸಾಹಿತ್ಯ ಅಕಾಡೆಮಿ ಬಂತು. ಆದರೆ ಅಕಾಡೆಮಿ ಇದ್ದರೆ ಸಾಲದು. ದರ್ಬಾರು ಹೋದ ಮೇಲೂ ರಾಯಚೂರಿನ ತಾಯಂದಿರು ಮಕ್ಕಳ ಜೊತೆ ದಖ್ಖನಿ ಬಿಡಲಿಲ್ಲ, ಅದಕ್ಕೇ ಅದು ಉಳಿದಿದೆ. ನಮ್ಮ ಮನೆಗಳಲ್ಲಿ ಮಕ್ಕಳೊಂದಿಗೆ ಬ್ಯಾರಿ ಆಡುತ್ತಿದ್ದೇವೆಯೇ ಅಂತ ನಾವೂ ಯೋಚಿಸಬೇಕು.