ಶಿವಮೊಗ್ಗದಲ್ಲಿ ಜನಿಸಿ ಮುಂಬೈ ಶಾಲೆಗೆ ಆಸರೆಯಾದ ರೆಬೆಕ್ಕಾ ರೂಬೆನ್

ಸೊರಗುತ್ತಿರುವ ಶಾಲೆಯೊಂದನ್ನು ಉಳಿಸಲು ಕಟ್ಟಡ, ಅನುದಾನಗಳಷ್ಟೇ ಸಾಲವು. ಅದನ್ನು ತನ್ನದೆಂದು ಭಾವಿಸಿ ಬದುಕಿನ ವರ್ಷಗಳನ್ನು ಕೊಡಬಲ್ಲವರು ಬೇಕು. ಅಂಥವರಲ್ಲಿ ಒಬ್ಬರು ರೆಬೆಕ್ಕಾ ರೂಬೆನ್. ಭಾರತದ ಯಹೂದಿ ಸಮುದಾಯದ ಶಿಕ್ಷಣ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಅವರು 1889ರ ಸೆಪ್ಟೆಂಬರ್ 18ರಂದು ಜನಿಸಿದ್ದು ನಮ್ಮ ಶಿವಮೊಗ್ಗದಲ್ಲಿ.

ರೆಬೆಕ್ಕಾ ಬೆನೆ ಇಸ್ರೇಲ್ ಸಮುದಾಯಕ್ಕೆ ಸೇರಿದವರು. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ್ದ ಈ ಯಹೂದಿಗಳ ಮನೆಮಾತು ಮರಾಠಿ, ಕುಲಕಸುಬು ಎಣ್ಣೆ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ‘ಶನಿವಾರ ತೇಲಿ’ ಎಂಬ ಹೆಸರು ಬಂದಿತ್ತು. ಬ್ರಿಟಿಷರ ಕಾಲದಲ್ಲಿ ಸೈನ್ಯ ಹಾಗೂ ಸರ್ಕಾರಿ ನೌಕರಿಗಳನ್ನು ಅರಸಿ ಅನೇಕರು ನಗರಗಳಿಗೆ ಬಂದರು.

ಮಕ್ಕಳಿಗೆ ಕಲಿಸುವುದು ಯಹೂದಿ ಸಂಪ್ರದಾಯದಲ್ಲಿ ಹೆತ್ತವರ ಕರ್ತವ್ಯ ಮಾತ್ರವಲ್ಲ, ಇಡೀ ಸಮುದಾಯದ ಹೊಣೆ. ಬಡವರ ಮಗು, ಅನಾಥ ಮಗು ಓದಿನಿಂದ ವಂಚಿತವಾಗಬಾರದು ಎಂಬುದು ಅಲ್ಲಿನ ನಿಯಮ. ಈ ನಂಬಿಕೆಯಿಂದಲೇ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಮತ್ತು ಸಂಗಡಿಗರು 1875ರಲ್ಲಿ ಮುಂಬೈಯಲ್ಲಿ ಇಸ್ರೇಲೈಟ್ ಶಾಲೆಯನ್ನು ಆರಂಭಿಸಿದರು. ಪಾಲಕರಲ್ಲಿ ಬಡವರೇ ಹೆಚ್ಚಾಗಿದ್ದುದರಿಂದ ಕೇವಲ ಶುಲ್ಕವನ್ನು ನೆಚ್ಚಿ ಶಾಲೆ ನಡೆಸುವಂತಿರಲಿಲ್ಲ. ಸಮುದಾಯದ ದೇಣಿಗೆ ಹಾಗೂ ಲಂಡನ್ನಿನ ಆಂಗ್ಲೋ-ಜ್ಯೂಯಿಷ್ ಅಸೋಸಿಯೇಷನ್‌ನ ನೆರವೇ ಅದಕ್ಕೆ ಆಧಾರವಾಗಿತ್ತು.

ಪುಣೆಯ ಹುಜೂರಪಾಗಾ ಶಾಲೆಯಲ್ಲಿ ಓದಿದ ರೆಬೆಕ್ಕಾ, 1905ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದರು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲವದು. ಮುಂದೆ ಇಂಗ್ಲೆಂಡಿಗೆ ತೆರಳಿ ಶಿಕ್ಷಕ ತರಬೇತಿ ಪಡೆದರು. ಕೇಂಬ್ರಿಜ್‌ನಲ್ಲಿ ಹೀಬ್ರೂ ಅಧ್ಯಯನ ಮಾಡಿದರು.

ಇಷ್ಟು ಓದಿದವರಿಗೆ ಬೇರೆ ದಾರಿಗಳು ತೆರೆದೇ ಇದ್ದವು. ಆದರೆ 1922ರಲ್ಲಿ ಅವರು ಇಸ್ರೇಲೈಟ್ ಶಾಲೆಯ ಪ್ರಾಂಶುಪಾಲರ ಹೊಣೆ ಹೊತ್ತರು. 1950ರವರೆಗೆ, ಒಟ್ಟು 28 ವರ್ಷ ಅಲ್ಲಿಯೇ ನಿಂತರು. ಅವರ ಅವಧಿಯಲ್ಲಿಯೇ, 1930ರ ದಶಕದಲ್ಲಿ, ಬಾಗ್ದಾದ್ ಮೂಲದ ಉದ್ಯಮಿ ಸರ್ ಎಲಿ ಕದೂರಿ ಅವರ ಕೊಡುಗೆಯಿಂದ ಶಾಲೆಗೆ ಚೇತರಿಕೆ ದೊರೆತು, ಅವರ ಹೆಸರನ್ನೇ ಇಡಲಾಯಿತು. ಇದಕ್ಕೂ ಮೊದಲೇ ರೆಬೆಕ್ಕಾ ಬೆನೆ ಇಸ್ರೇಲ್ ವಾರ್ಷಿಕ ಗ್ರಂಥವನ್ನು ಸಂಪಾದಿಸಿ, ಚದುರಿದ್ದ ಸಮುದಾಯದ ಮಾಹಿತಿಯನ್ನು ಒಂದೆಡೆ ತಂದಿದ್ದರು.

1957ರಲ್ಲಿ ರೆಬೆಕ್ಕಾ ನಿಧನರಾದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರ ಬೆನೆ ಇಸ್ರೇಲರಲ್ಲಿ ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಶಾಲೆಯಲ್ಲಿ ಯಹೂದಿ ಮಕ್ಕಳ ಸಂಖ್ಯೆ ಕರಗಿತು. ಆದರೂ ಮಜಗಾಂವ್‌ನ ಆ ಶಾಲೆ ಮುಚ್ಚಲಿಲ್ಲ. ಅದು ಸುತ್ತಲಿನ ಇತರ ಮಕ್ಕಳಿಗೆ, ವಿಶೇಷವಾಗಿ ಮುಸ್ಲಿಂ ಮಕ್ಕಳಿಗೆ ವಿದ್ಯೆಯ ಮನೆಯಾಯಿತು. ಒಂದು ಸಮುದಾಯ ತನ್ನ ಮಕ್ಕಳಿಗೆಂದು ಕಾಪಾಡಿದ ಶಾಲೆ ಕೊನೆಗೆ ನೆರೆಹೊರೆಯವರ ಪಾಲಿಗೆ ಒದಗಿದ್ದು ಈ ಜೀವನಗಾಥೆಯ ಸಾರ್ಥಕತೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿಯೂ ಪಾಲಕರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಹಳ್ಳಿಯ ಹೆಸರನ್ನು ಉಳಿಸಿಕೊಂಡೇ ಬೆಂಗಳೂರಿನೊಳಗೆ ಸೇರಿಹೋದ ಅಮೃತಹಳ್ಳಿಯಂಥ ಬಡಾವಣೆಗಳಲ್ಲಿ ಓದಿದವರಿಗೆ ಕೊರತೆಯಿಲ್ಲ. ವಾರಕ್ಕೊಂದು ಗಂಟೆ ಪಾಠ ಹೇಳಲು ಅವರು ಮುಂದಾದರೆ, ನೆರೆಯ ಶಾಲೆಯ ಮಕ್ಕಳಿಗೆ ಅದೇ ದೊಡ್ಡ ಆಸರೆ. ಊರಿನ ಮಕ್ಕಳ ಓದು ಊರಿನ ಹೊಣೆ ಎಂಬುದನ್ನು ಶಿವಮೊಗ್ಗದಲ್ಲಿ ಹುಟ್ಟಿದ ಈ ಶಿಕ್ಷಕಿ 28 ವರ್ಷ ಬಾಳಿ ತೋರಿಸಿದ್ದಾರೆ.