ನೊಣದ ಮೈಯಲ್ಲಿ ಜೀವದ ನಕ್ಷೆ ಓದಿದ ಲೂಯಿಸ್

ಬಾಳೆಹಣ್ಣು ಕೊಳೆತರೆ ಮುತ್ತಿಕೊಳ್ಳುವ ಹಣ್ಣುನೊಣದ ಉದ್ದ ಸುಮಾರು ಮೂರು ಮಿಲಿಮೀಟರ್. ಅದರ ತಲೆಯಲ್ಲಿ ಮೀಸೆ ಬೆಳೆಯಬೇಕಾದ ಜಾಗದಲ್ಲಿ ಕೆಲವೊಮ್ಮೆ ಕಾಲುಗಳು ಬೆಳೆಯುವುದುಂಟು. ಇಂತಹ ವಿಚಿತ್ರಗಳ ಹಿಂದಿನ ನಿಯಮವನ್ನು ಹುಡುಕಲು ಬದುಕನ್ನೇ ಮುಡಿಪಾಗಿಟ್ಟವರು ಅಮೆರಿಕದ ತಳಿವಿಜ್ಞಾನಿ ಎಡ್ವರ್ಡ್ ಬಿ. ಲೂಯಿಸ್.

ಪೆನ್ಸಿಲ್ವೇನಿಯಾ ರಾಜ್ಯದ ವಿಲ್ಕ್ಸ್-ಬಾರ್ ಪಟ್ಟಣದಲ್ಲಿ 1918ರ ಮೇ 20ರಂದು ಲೂಯಿಸ್ ಜನಿಸಿದರು. ಪ್ರೌಢಶಾಲೆಯಲ್ಲಿದ್ದಾಗ ವಿಜ್ಞಾನ ಪತ್ರಿಕೆಯೊಂದರಲ್ಲಿ ಹಣ್ಣುನೊಣಗಳ ಮಾರಾಟದ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಗೆಳೆಯ ಎಡ್ವರ್ಡ್ ನೊವಿಟ್‌ಸ್ಕಿ ಜತೆಗೂಡಿ ನೊಣ ತರಿಸಿ ಸಾಕಿದರು. ಕೊಳಲು ವಾದನದಲ್ಲೂ ಪ್ರತಿಭಾವಂತರಾಗಿದ್ದ ಅವರು ಸಂಗೀತದ ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದರೂ ಮನಸ್ಸು ನೊಣಗಳತ್ತಲೇ ಇತ್ತು. 1942ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದರು. ಯುದ್ಧಕಾಲದಲ್ಲಿ ಸೇನೆಯ ಹವಾಮಾನ ತಜ್ಞರಾಗಿ ದುಡಿದು, 1946ರಲ್ಲಿ ಅದೇ ಸಂಸ್ಥೆಗೆ ಮರಳಿದರು.

ಮೂರು ದಶಕಗಳ ತಪಸ್ಸು

ನೊಣಕ್ಕೆ ಇರುವುದು ಒಂದೇ ಜೊತೆ ರೆಕ್ಕೆ. ಅದರ ಹಿಂದಿನ ಎದೆಖಂಡದಲ್ಲಿ ಹಾರಾಟದ ಸಮತೋಲ ಕಾಯುವ ಎರಡು ಪುಟ್ಟ ಗುಬುಟುಗಳಿರುತ್ತವೆ. ಈ ಗುಬುಟುಗಳು ರೆಕ್ಕೆಯ ರೂಪ ತಾಳುವ 'ಬೈಥೊರಾಕ್ಸ್' ಎಂಬ ಉತ್ಪರಿವರ್ತನೆಯನ್ನು ಕ್ಯಾಲ್ವಿನ್ ಬ್ರಿಡ್ಜಸ್ 1915ರಲ್ಲೇ ಕಂಡಿದ್ದರು. ಲೂಯಿಸ್ ಅಂತಹ ಹಲವು ಉತ್ಪರಿವರ್ತನೆಗಳನ್ನು ಒಂದೇ ನೊಣದಲ್ಲಿ ಕೂಡಿಸಿ, ನಾಲ್ಕು ಪೂರ್ಣ ರೆಕ್ಕೆಗಳ ನೊಣವನ್ನೇ ಪಡೆದರು. ಅವರ ಪತ್ನಿ ಪಮೇಲಾ ಕೂಡ ಇದೇ ಕ್ಷೇತ್ರದವರು. ಗಂಡುನೊಣದ ಮುಂಗಾಲಿನಲ್ಲಿ ಮಾತ್ರ ಇರಬೇಕಾದ ಬಾಚಣಿಗೆಯಂತಹ ಕೂದಲ ಸಾಲು ಹಿಂದಿನ ಕಾಲುಗಳಲ್ಲೂ ಮೂಡುವ 'ಪಾಲಿಕೋಂಬ್' ಉತ್ಪರಿವರ್ತನೆಯನ್ನು ಗುರುತಿಸಿದವರು ಆಕೆಯೇ.

ಈ ಪರಿಶ್ರಮದ ಸಾರ 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎದೆ ಮತ್ತು ಹೊಟ್ಟೆಯ ಖಂಡಗಳು ದೇಹದಲ್ಲಿ ಯಾವ ಕ್ರಮದಲ್ಲಿವೆಯೋ, ಅವುಗಳ ಸ್ವರೂಪ ನಿರ್ಧರಿಸುವ ಅಂಶಗಳು ವರ್ಣತಂತುವಿನಲ್ಲೂ ಅದೇ ಕ್ರಮದಲ್ಲಿವೆ ಎಂಬುದು ಅದರ ತಿರುಳು. ಅವರು ಪ್ರತ್ಯೇಕ ವಂಶವಾಹಿಗಳೆಂದು ಭಾವಿಸಿದ್ದವುಗಳಲ್ಲಿ ಹಲವು, ಮೂರೇ ವಂಶವಾಹಿಗಳನ್ನು ನಿಯಂತ್ರಿಸುವ ಭಾಗಗಳೆಂದು ಮುಂದೆ ತಿಳಿಯಿತು. ಆದರೆ ಕ್ರಮದ ನಿಯಮ ಅಳಿಯಲಿಲ್ಲ.

ಮೀಸೆಯೋ ಕಾಲೋ?

ತಲೆಯಲ್ಲಿ ಕಾಲು ಮೂಡುವ ಒಗಟೂ ಇದೇ ಹಾದಿಯಲ್ಲಿ ಬಿಡಿಸಿಕೊಂಡಿತು. 'ಆಂಟೆನಾಪೀಡಿಯಾ' ವಂಶವಾಹಿ ಸಹಜವಾಗಿ ಎದೆಭಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮೀಸೆ ರೂಪಿಸಲು 'ಡಿಸ್ಟಲ್-ಲೆಸ್' ಮತ್ತು 'ಹೋಮೋಥೊರಾಕ್ಸ್' ವಂಶವಾಹಿಗಳು ಜತೆಗೂಡಬೇಕು. ಬೆಳೆಯುವ ಕಾಲಿನಲ್ಲಿ ಆಂಟೆನಾಪೀಡಿಯಾವು ಹೋಮೋಥೊರಾಕ್ಸ್ ಅನ್ನು ಅದುಮಿ ಈ ಕೂಟವನ್ನು ತಪ್ಪಿಸುತ್ತದೆ. ಅದೇ ವಂಶವಾಹಿ ತಪ್ಪಿ ತಲೆಯಲ್ಲಿ ಜಾಗೃತವಾದರೆ ಮೀಸೆಯ ಬದಲು ಕಾಲು ಬೆಳೆಯುತ್ತದೆ. ಎರಡನೇ ಜೊತೆ ಕಾಲುಗಳಲ್ಲಿ ಅದು ಇಲ್ಲವಾದರೆ ಮೀಸೆಯ ಲಕ್ಷಣಗಳು ತಲೆಯೆತ್ತುತ್ತವೆ.

ಈ ವಂಶವಾಹಿಗಳಲ್ಲಿ 180 ಅಕ್ಷರಗಳ ಸಮಾನ ಭಾಗವೊಂದು ಇರುವುದನ್ನು 1983-84ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ತಂಡಗಳು ಪತ್ತೆಹಚ್ಚಿದವು. ಇದೇ ಬಳಗದ 39 ವಂಶವಾಹಿಗಳು ಮನುಷ್ಯನಲ್ಲೂ ಇವೆ. ಅವುಗಳಲ್ಲೊಂದು ಕೆಟ್ಟರೆ ಮಗುವಿನ ಬೆರಳುಗಳು ಕೂಡಿಕೊಂಡು ಹುಟ್ಟಬಹುದು.

ಅಣುವಿಕಿರಣದ ಎಚ್ಚರಿಕೆ

ಲೂಯಿಸ್ ಪ್ರಯೋಗಾಲಯದೊಳಗೇ ಉಳಿಯಲಿಲ್ಲ. ಅಣ್ವಸ್ತ್ರ ಪರೀಕ್ಷೆಗಳು ಭರದಿಂದ ನಡೆಯುತ್ತಿದ್ದಾಗ, ಒಂದು ಮಿತಿಯೊಳಗಿನ ವಿಕಿರಣ ನಿರಪಾಯಕರ ಎಂಬ ವಾದ ಬಲವಾಗಿತ್ತು. ಹಿರೋಷಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ಹಾಗೂ ಎಕ್ಸ್‌ರೇ ಚಿಕಿತ್ಸೆ ಪಡೆದವರ ಅಂಕಿಅಂಶ ಪರಿಶೀಲಿಸಿದ ಅವರು, ವಿಕಿರಣದ ಪ್ರಮಾಣಕ್ಕೆ ತಕ್ಕಂತೆ ರಕ್ತದ ಕ್ಯಾನ್ಸರ್ ಅಪಾಯವೂ ಏರುತ್ತದೆ ಎಂದು 1957ರಲ್ಲಿ ಪ್ರತಿಪಾದಿಸಿದರು. ಟೀಕೆಗಳು ಬಂದವು. ಅಮೆರಿಕ ಸಂಸತ್ತಿನ ಸಮಿತಿಯ ಮುಂದೆಯೂ ತಮ್ಮ ವಾದ ಮಂಡಿಸಿದ ಅವರು ಮತ್ತೆ ನೊಣಗಳ ಬಾಟಲಿಗಳತ್ತ ಹೊರಳಿದರು.

1995ರಲ್ಲಿ ಕ್ರಿಶ್ಚಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಅವರೊಂದಿಗೆ ಲೂಯಿಸ್ ವೈದ್ಯವಿಜ್ಞಾನದ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಆಗ ಅವರಿಗೆ 77 ವರ್ಷ. ನಿವೃತ್ತಿಯ ಬಳಿಕವೂ ಪ್ರಯೋಗಾಲಯ ಬಿಡದ ಅವರು 2004ರ ಜುಲೈ 21ರಂದು ಪಸಾಡೆನಾದಲ್ಲಿ ನಿಧನರಾದರು. ಶಾಲಾ ಬಾಲಕನ ಹವ್ಯಾಸವಾಗಿ ಮೊದಲಾದ ನೊಣಸಾಕಣೆ, ತಾಯಿಯ ಗರ್ಭದಲ್ಲಿ ಮನುಷ್ಯದೇಹ ರೂಪುಗೊಳ್ಳುವ ಬಗೆಯನ್ನು ಅರಿಯಲೂ ದಾರಿಯಾಯಿತು.